ಎಳೆದರೆ ಬಾರದ ಖಾನೆ

ಯಂತ್ರಗಳ ದುರಸ್ತಿಯನ್ನೇ ವೃತ್ತಿಯಾಗಿ ಕೈಕೊಂಡವರ ಕಾರ್ಯಶಾಲೆಗಳಲ್ಲಿ, ಮೋಟಾರು ಗ್ಯಾರೇಜುಗಳಲ್ಲಿ, ರೈಲ್ವೆಯ ಮತ್ತು ಹಡಗುಕಟ್ಟೆಯ ಶೆಡ್ಡುಗಳಲ್ಲಿ, ಸೊಂಟದೆತ್ತರಕ್ಕೆ ನಿಲ್ಲುವ, ಅಡಿಯಲ್ಲಿ ನಾಲ್ಕು ಚಕ್ರಗಳನ್ನೂ ಮುಂಭಾಗದಲ್ಲಿ ಒಂದರ ಕೆಳಗೊಂದರಂತೆ ಐದಾರು ಖಾನೆಗಳನ್ನೂ ಉಳ್ಳ ಉಕ್ಕಿನ ಪೆಟ್ಟಿಗೆಯೊಂದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಮುಂಬಯಿಯ ಮೆಕ್ಯಾನಿಕರು ಇದನ್ನು ಟೂಲ್ ಟ್ರಾಲಿ ಎನ್ನುತ್ತಾರೆ. ಮೇಲಿನ ಖಾನೆಗಳು ಆಳ ಕಡಿಮೆಯಾಗಿದ್ದು ಸ್ಕ್ರೂಡ್ರೈವರ್, ಇಕ್ಕಳ, ಅಳತೆಯ ಉಪಕರಣಗಳಿಗೆ ಮೀಸಲು. ಕೆಳಗಿಳಿದಂತೆ ಆಳವೂ ಭಾರವೂ ಹೆಚ್ಚಿ, ಸ್ಪ್ಯಾನರುಗಳು, ಸಾಕೆಟ್ಟುಗಳು, ಕಟ್ಟಕಡೆಗೆ ಸುತ್ತಿಗೆ, ಪೈಪ್ ರೆಂಚು ಮೊದಲಾದ ಒರಟು ಸಾಮಾನು. ಹೊಸತಿದ್ದಾಗ ಒಂದು ಬೆರಳಿನಿಂದ ಎಳೆದರೆ ಸರಿದು ಬರುತ್ತಿದ್ದ ಖಾನೆ, ಮೂವತ್ತು ನಲವತ್ತು ವರ್ಷಗಳ ತರುವಾಯ ಎರಡು ಕೈಯಿಂದ ಜಗ್ಗಿದರೂ ಬಾರದೆ, ಬಂದರೂ ಒಂದೇ ಮಗ್ಗುಲಿಗೆ ವಾಲಿಕೊಂಡು ಬಂದು, ಹಿಂದಕ್ಕೆ ನೂಕಿದಾಗ ಅರ್ಧದಲ್ಲಿಯೇ ನಿಂತು ಮೊಂಡುತನ ತೋರುವುದು ಸಾಮಾನ್ಯವಾದ ಅನುಭವ. ಪೆಟ್ಟಿಗೆಗೆ ಮುಪ್ಪು ಬಂದಿತೆಂದು ಒಡೆಯನು ತೀರ್ಮಾನಿಸಿ, ಅದನ್ನು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವುದೂ ಉಂಟು. ಆದರೆ ದಪ್ಪ ತಗಡಿನ ಆ ಕಾಯಕ್ಕೆ ಇನ್ನೂ ಅರ್ಧ ಶತಮಾನದ ಆಯುಸ್ಸು ಇರುತ್ತದೆ. ಸೋತಿರುವುದು ಖಾನೆಯ ಮಗ್ಗುಲಿನಲ್ಲಿ ಅಡಗಿರುವ, ಮುಕ್ಕಾಲು ಇಂಚು ವ್ಯಾಸದ, ಕೆಲವೇ ರೂಪಾಯಿ ಬೆಲೆಯ ಒಂದು ರೋಲರ್ ಮಾತ್ರ.

ಇಂಥ ಪೆಟ್ಟಿಗೆಗಳು ಮುಂಬಯಿ ನಗರದಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಏಕೆ ಸಿಕ್ಕುತ್ತವೆಂಬುದನ್ನು ತಿಳಿಯಬೇಕಾದರೆ ಅದರ ಕೈಗಾರಿಕೆಯ ಚರಿತ್ರೆಯತ್ತ ಒಂದು ದೃಷ್ಟಿ ಹಾಯಿಸಬೇಕಾಗುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಹೊರಟಿತು, ಕಾವಸ್‌ಜಿ ದಾವರರ ಹತ್ತಿಯ ಗಿರಣಿ 1856ರಲ್ಲಿ ತಾಡದೇವಿನಲ್ಲಿ ನೂಲು ತೆಗೆಯತೊಡಗಿತು, 1879ರಲ್ಲಿ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಕಾರ್ಖಾನೆ ಪರೇಲಿನಲ್ಲಿಯೂ, 1915ರಲ್ಲಿ ರೈಲು ಡಬ್ಬಿಗಳ ಕಾರ್ಖಾನೆ ಮಾಟುಂಗದಲ್ಲಿಯೂ ತೆರೆದುವು. 1944ರಲ್ಲಿ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಕುರ್ಲಾದಲ್ಲಿ ಮೋಟಾರು ಕಟ್ಟಲು ಮೊದಲುಮಾಡಿತು. ಮಝಗಾಂವಿನ ಹಡಗುಕಟ್ಟೆಯಾದರೋ ಇವೆಲ್ಲಕ್ಕಿಂತ ಹಳೆಯದು. ಫಿಟ್ಟರ್, ಟರ್ನರ್, ಮೆಕ್ಯಾನಿಕ್ ಎಂಬ ಹೆಸರಿನ ಸಾವಿರಾರು ಕುಶಲಕರ್ಮಿಗಳು ದುಡಿಯುತ್ತಿದ್ದ ಈ ಸ್ಥಳಗಳಲ್ಲಿ ಹತ್ಯಾರುಗಳನ್ನು ಇಡುವ ಪೆಟ್ಟಿಗೆ ಅನಿವಾರ್ಯ. ಅವುಗಳಲ್ಲಿ ಕೆಲವು ಕಾರ್ಖಾನೆಯೊಳಗೇ ತಗಡು ಮಡಚಿ ಮಾಡಿಕೊಂಡವು. ಕೆಲವು ಯಂತ್ರಗಳ ಜೊತೆಗೆ ಹಡಗೇರಿ ಬಂದವು. ಅಮೆರಿಕದ ಓಹಾಯೊ ರಾಜ್ಯದಲ್ಲಿ ಗರ್ಸ್ಟನರ್ ಸಂಸ್ಥೆ 1906ರಿಂದ ಯಂತ್ರಕರ್ಮಿಗಳ ಮರದ ಪೆಟ್ಟಿಗೆಗಳನ್ನು ಮಾಡುತ್ತ ಬಂದಿದೆ. ಅದೇ ರಾಜ್ಯದ ಕೆನಡಿ ಸಂಸ್ಥೆ 1911ರಲ್ಲಿ ಹುಟ್ಟಿ, ಸುಕ್ಕುಗಟ್ಟಿದಂತೆ ತೋರುವ ಕಂದು ಬಣ್ಣದ ಉಕ್ಕಿನ ಪೆಟ್ಟಿಗೆಗಳಿಗೆ ಹೆಸರಾಯಿತು. 1920ರಲ್ಲಿ ಆರಂಭವಾದ ಸ್ನ್ಯಾಪ್‌ಆನ್ ಸಂಸ್ಥೆಯ ಕೆಂಪು ಬಣ್ಣದ ಟ್ರಾಲಿಗಳನ್ನು ಕಂಡರೆ ಇಂದಿಗೂ ಮೋಟಾರು ಮೆಕ್ಯಾನಿಕರ ಕಣ್ಣು ಅರಳುತ್ತದೆ.

ನಮ್ಮಲ್ಲಿಯೇ ಹುಟ್ಟಿದ ಬಂಧುಗಳೂ ಈ ಪೆಟ್ಟಿಗೆಗಳಿಗೆ ಉಂಟು. 1897ರಲ್ಲಿ ಲಾಲ್‌ಬಾಗಿನ ಸಣ್ಣ ಶೆಡ್ಡಿನಲ್ಲಿ ಬೀಗ ಮಾಡಲು ತೊಡಗಿದ ಅರ್ದೇಶಿರ್ ಗೋದ್ರೇಜರ ಸಂಸ್ಥೆ, 1923ರಲ್ಲಿ ಉಕ್ಕಿನ ಕಪಾಟನ್ನು ಮಾರುಕಟ್ಟೆಗೆ ತಂದು, ಮುಂದೆ ವಿಕ್ರೋಳಿಯ ವಿಶಾಲವಾದ ಆವರಣದಿಂದ ದೇಶದ ಕಚೇರಿಗಳಿಗೆಲ್ಲ ಉಕ್ಕಿನ ಮೇಜು, ಕಡತದ ಕಪಾಟುಗಳನ್ನು ಒದಗಿಸಿತು. ನಾಲ್ಕು ಖಾನೆಗಳ ಆ ಕಡತದ ಕಪಾಟಿನ ಒಳಗುಟ್ಟೂ ಟೂಲ್ ಟ್ರಾಲಿಯ ಒಳಗುಟ್ಟೂ ಬಹುಮಟ್ಟಿಗೆ ಒಂದೇ ಆದುದರಿಂದ, ಮುಂದೆ ಹೇಳುವ ಮಾತುಗಳು ಮನೆಯಲ್ಲಿ ಅಂಥ ಕಪಾಟು ಇಟ್ಟುಕೊಂಡವರಿಗೂ ಉಪಯೋಗವಾಗಬಹುದು.

ಕಾರ್ಖಾನೆಗಳಲ್ಲಿದ್ದ ಪೆಟ್ಟಿಗೆಗಳು ಪೇಟೆಗೆ ಬಂದುದು ಹೀಗೆ. 1982ರ ಜನವರಿ 18ರಂದು ಕಾರ್ಮಿಕ ನಾಯಕ ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಒಂದೊಂದಾಗಿ ಗಿರಣಿಗಳು ಬಾಗಿಲು ಮುಚ್ಚಿದುವು. ಮಗ್ಗಗಳೂ ಲೇತುಗಳೂ ಹರಾಜಾದುವು. ಅವುಗಳ ಜೊತೆಗಿದ್ದ ಹತ್ಯಾರಿನ ಪೆಟ್ಟಿಗೆಗಳೂ ಕೈ ಬದಲಾದುವು. ರೇ ರೋಡ್ ನಿಲ್ದಾಣದ ಬಳಿಯ ದಾರೂಖಾನೆಯಲ್ಲಿ ಒಡೆಯುವ ಹಡಗುಗಳ ಎಂಜಿನ್ ಕೋಣೆಗಳಿಂದ ಇನ್ನು ಕೆಲವು ಹೊರಬಂದುವು. ಇವೆಲ್ಲ ಕಡೆಗೆ ಸೇರುವ ಸ್ಥಾನಗಳಲ್ಲಿ ಭೇಂಡಿಬಜಾರಿನ ಹಿಂಬದಿಯ ಮಟನ್ ಸ್ಟ್ರೀಟ್, ಎಂದರೆ ಲೋಕಪ್ರಸಿದ್ಧವಾದ ಚೋರ್ ಬಜಾರ್, ಮುಖ್ಯವಾದುದು. ಗ್ರಾಮಫೋನು, ತೂಗುದೀಪ, ಹಡಗಿನ ದಿಕ್ಸೂಚಿಗಳ ನಡುವೆ ಹತ್ಯಾರಿನ ಟ್ರಾಲಿಯೊಂದು ತಲೆಯ ಮೇಲೆ ಇನ್ನಾವುದೋ ಸರಕನ್ನು ಹೊತ್ತು ನಿಂತಿರುವುದನ್ನು ಅಲ್ಲಿ ಕಾಣಬಹುದು. ಕೊಳ್ಳುವವನು ಬಣ್ಣವನ್ನು ನೋಡಿ ಮರುಳಾಗದೆ, ಪ್ರತಿಯೊಂದು ಖಾನೆಯನ್ನೂ ಪೂರ್ತಿಯಾಗಿ ಎಳೆದು, ಮುಂದಿನ ತುದಿಯನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡುವುದು ಲೇಸು. ಅಂಗಡಿಯವನು ಇದನ್ನು ಕಂಡೊಡನೆ ಬೆಲೆಯನ್ನು ಸ್ವಲ್ಪ ಇಳಿಸುತ್ತಾನೆ. ಗಿರಾಕಿಗೆ ವಿಷಯ ಗೊತ್ತೆಂಬುದು ಅವನಿಗೆ ಆ ಕ್ಷಣವೇ ತಿಳಿಯುತ್ತದೆ.

ಖಾನೆ ಸರಿದಾಡುವ ವ್ಯವಸ್ಥೆ ನೋಡಲು ಸರಳ. ಪೆಟ್ಟಿಗೆಯ ಒಳಗೋಡೆಗೆ ಎರಡೂ ಮಗ್ಗುಲಲ್ಲಿ ಒಂದೊಂದು ಚಾನೆಲ್, ಎಂದರೆ ಮೇಲಂಚನ್ನೂ ಕೆಳಅಂಚನ್ನೂ ಒಳಕ್ಕೆ ಮಡಚಿದ ತಗಡಿನ ಪಟ್ಟಿ. ಖಾನೆಯ ಹೊರಮಗ್ಗುಲಿಗೂ ಅಂಥದೇ ಒಂದೊಂದು. ಪೆಟ್ಟಿಗೆಯ ಚಾನೆಲ್ಲಿನ ಮುಂತುದಿಯಲ್ಲಿ ಒಂದು ರೋಲರ್ ಇರುತ್ತದೆ. ಅದು ಕದಲದೆ ತನ್ನ ಸ್ಥಳದಲ್ಲಿಯೇ ತಿರುಗುತ್ತಿದ್ದು, ಖಾನೆಯ ಚಾನೆಲ್ ಅದರ ಮೇಲೆ ಹಾಯುತ್ತದೆ. ಖಾನೆಯ ಹಿಂತುದಿಯಲ್ಲಿ ಇನ್ನೊಂದು ರೋಲರ್. ಅದು ಖಾನೆಯ ಸಂಗಡ ಚಲಿಸುತ್ತ ಪೆಟ್ಟಿಗೆಯ ಚಾನೆಲ್ಲಿನೊಳಗೆ ಉರುಳುತ್ತದೆ. ಎರಡು ಮಗ್ಗುಲು ಸೇರಿ ಒಂದು ಖಾನೆಗೆ ನಾಲ್ಕು ರೋಲರುಗಳಾದುವು. ಖಾನೆ ಮುಚ್ಚಿರುವಾಗ ಭಾರವು ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಎಳೆಯತೊಡಗಿದೊಡನೆ ಲೆಕ್ಕ ಬೇರೆಯಾಗುತ್ತದೆ. ಈ ಲೆಕ್ಕವನ್ನು ಅರಿಯದೆ ಕೈಕೊಂಡ ದುರಸ್ತಿ ಬಹುಕಾಲ ನಿಲ್ಲುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಖಾನೆಯ ಉದ್ದ, ಎಂದರೆ ಮುಂದಿನಿಂದ ಹಿಂದಕ್ಕೆ, 45 ಸೆಂಟಿಮೀಟರ್. ಅದರಲ್ಲಿರುವ ಹತ್ಯಾರುಗಳ ತೂಕ ಖಾನೆಯೂ ಸೇರಿ 20 ಕಿಲೋ. ಭಾರ ಎಲ್ಲೆಡೆಯೂ ಸಮನಾಗಿ ಹರಡಿದೆ. ಮುಚ್ಚಿದಾಗ ಮುಂದಿನ ಎರಡು ರೋಲರುಗಳ ಮೇಲೆ 10 ಕಿಲೋ, ಹಿಂದಿನ ಎರಡರ ಮೇಲೆ 10 ಕಿಲೋ. ಈಗ ಖಾನೆಯನ್ನು 33 ಸೆಂಟಿಮೀಟರ್ ಹೊರಕ್ಕೆ ಎಳೆದರೆ, 12 ಸೆಂಟಿಮೀಟರ್ ಮಾತ್ರ ಒಳಗೆ ಉಳಿದು, ಭಾರದ ಮಧ್ಯಬಿಂದುವು ಮುಂದಿನ ರೋಲರಿನಿಂದ 10.5 ಸೆಂಟಿಮೀಟರ್ ಹೊರಗೆ ಹೋಗಿ ನಿಲ್ಲುತ್ತದೆ. ಏತದ ಮರದ ಒಂದು ತುದಿ ಇಳಿದರೆ ಇನ್ನೊಂದು ತುದಿ ಏಳುವಂತೆ, ಖಾನೆಯ ಹಿಂತುದಿ ಮೇಲಕ್ಕೇಳಲು ಹವಣಿಸುತ್ತದೆ. ಅದನ್ನು ತಡೆಯುವುದು ಚಾನೆಲ್ಲಿನ ಮೇಲಂಚು. ಆ ಅಂಚು ಹಿಂದಿನ ಜೋಡಿಯನ್ನು ಅದುಮಬೇಕಾದ ಬಲ 17.5 ಕಿಲೋ, ಅದು 20 ಕಿಲೋಗಳೊಡನೆ ಸೇರಿ ಮುಂದಿನ ಜೋಡಿಯ ಮೇಲೆ ಬೀಳುವ ಭಾರ 37.5 ಕಿಲೋ. ಮುಚ್ಚಿದಾಗ ಐದು ಕಿಲೋ ಹೊರುತ್ತಿದ್ದ ಒಂದು ರೋಲರ್, ತೆರೆದಾಗ ಹತ್ತೊಂಬತ್ತು ಕಿಲೋವಿಗೆ ಹತ್ತಿರವಾದ ಭಾರವನ್ನು ಹೊರುತ್ತದೆಂದಾಯಿತು. ಮುಂದಿನ ರೋಲರುಗಳು ಮೊದಲು ಸವೆಯುವುದರ ಕಾರಣ ಇದೇ.

ಹಿಂದಿನ ರೋಲರಿನ ಸ್ಥಿತಿ ಇನ್ನೂ ವಿಚಿತ್ರವಾದುದು. ಮುಚ್ಚಿದಾಗ ಚಾನೆಲ್ಲಿನ ಕೆಳಅಂಚಿನ ಮೇಲೆ ಉರುಳುತ್ತಿದ್ದ ಅದು, ಖಾನೆ ಅರ್ಧ ಹೊರಬಂದ ಬಳಿಕ ಮೇಲಂಚಿಗೆ ಅಂಟಿಕೊಂಡು ಉರುಳಬೇಕು. ನಡುವೆ ಒಂದು ಕ್ಷಣ ಅದರ ಮೇಲೆ ಯಾವ ಭಾರವೂ ಇರುವುದಿಲ್ಲ. ರೋಲರ್ ಸವೆದು ಸಣ್ಣದಾಗಿದ್ದರೆ, ಇಲ್ಲವೆ ಚಾನೆಲ್ಲಿನ ಬಾಯಿ ಅಗಲವಾಗಿದ್ದರೆ, ಕೆಳಗಿನಿಂದ ಮೇಲಕ್ಕೆ ಅದು ನೆಗೆಯುವಾಗ ಟಕ್ ಎಂದು ಸದ್ದಾಗಿ, ಖಾನೆಯ ಮೂತಿ ಒಮ್ಮೆಲೇ ಕೆಳಗೆ ಬೀಳುತ್ತದೆ. ಹಳೆಯ ಟ್ರಾಲಿಯ ಖಾನೆಯನ್ನು ನಿಧಾನವಾಗಿ ಎಳೆಯುತ್ತ ಈ ಸದ್ದು ಎಲ್ಲಿ ಕೇಳುತ್ತದೆಂದು ಗಮನಿಸಿದರೆ, ರೋಗವು ಹಿಂದಿನದೋ ಮುಂದಿನದೋ ಎಂಬುದು ಬಿಚ್ಚುವುದಕ್ಕೆ ಮೊದಲೇ ತಿಳಿದುಹೋಗುತ್ತದೆ.

ರೋಲರ್ ಕೆಡುವ ರೀತಿಗಳು ಹಲವು. ಅವುಗಳಲ್ಲಿ ಜಿಡ್ಡಿನದೇ ಅಗ್ರಸ್ಥಾನ. 19 ಮಿಲಿಮೀಟರ್ ವ್ಯಾಸದ ರೋಲರ್ 5 ಮಿಲಿಮೀಟರಿನ ಅಚ್ಚಿನ ಮೇಲೆ ತಿರುಗುತ್ತಿರುವಾಗ, ಎಳೆಯುವವನ ಕೈಗೆ ತಟ್ಟುವ ಘರ್ಷಣೆ, ಜಾರಿಸಿ ಎಳೆದರೆ ಆಗುವುದರ ಕಾಲು ಭಾಗದಷ್ಟು ಮಾತ್ರ. ಈ ಲಾಭವೆಲ್ಲ ರೋಲರ್ ತಿರುಗುವ ತನಕ. ಖಾನೆ ಗಟ್ಟಿಯಾಯಿತೆಂದು ಯಾರೋ ಪುಣ್ಯಾತ್ಮರು ಕೈಗೆ ಸಿಕ್ಕ ಗ್ರೀಸನ್ನು ಚಾನೆಲ್ಲಿಗೆ ಮೆತ್ತುತ್ತಾರೆ. ಒಂದೆರಡು ತಿಂಗಳು ಸುಖ. ಆಮೇಲೆ ಲೋಹದ ಪುಡಿ, ಬಟ್ಟೆಯ ನಾರು, ರಸ್ತೆಯ ಧೂಳು ಎಲ್ಲವೂ ಅದರೊಡನೆ ಬೆರೆತು ಅಂಟಿನಂತಾಗಿ ರೋಲರನ್ನು ಅಚ್ಚಿಗೆ ಕಚ್ಚಿಸಿಬಿಡುತ್ತದೆ. ತಿರುಗದ ರೋಲರನ್ನು ಬಲವಂತವಾಗಿ ಎಳೆದಾಡಿದಾಗ ಅದರ ಒಂದು ಪಾರ್ಶ್ವ ಉಜ್ಜಿಹೋಗಿ ಚಪ್ಪಟೆಯಾಗುತ್ತದೆ. ಮತ್ತೆ ಎಷ್ಟು ಶುಚಿಗೊಳಿಸಿದರೂ ಆ ಚಪ್ಪಟೆ ಭಾಗಕ್ಕೆ ಬಂದಾಗಲೆಲ್ಲ ಖಾನೆ ತಡವರಿಸದೆ ಇರದು.

ಎರಡನೆಯ ಶತ್ರು ಮುಂಬಯಿಯ ವಾಯು. ಮೂರು ದಿಕ್ಕಿಗೂ ಉಪ್ಪುನೀರು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದ ತೇವ. ಬಾಗಿಲು ಹಾಕಿದ ಗಾಳೆಯೊಳಗೂ, ಎಂದರೆ ಸಣ್ಣ ಕಾರ್ಯಶಾಲೆಯ ಕೋಣೆಯೊಳಗೂ, ಉಕ್ಕಿನ ಮೇಲೆ ಒಂದೇ ವಾರದಲ್ಲಿ ಕೆಂಪು ಮೂಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ, ತಗ್ಗು ಪ್ರದೇಶದ ಗ್ಯಾರೇಜುಗಳಲ್ಲಿ ಕೆಳಖಾನೆಗಳು ಕೆಸರುನೀರಿನಲ್ಲಿ ಮುಳುಗಿದ್ದುದರ ಗುರುತು ಕೆಲವು ಟ್ರಾಲಿಗಳ ಮೈಮೇಲೆ ಇಂದಿಗೂ ಗೆರೆಯಾಗಿ ನಿಂತಿದೆ. ರೋಲರ್ ನೈಲಾನಿನದಾಗಿದ್ದರೆ ಅದಕ್ಕೆ ತುಕ್ಕಿಲ್ಲ, ನಿಜ. ಆದರೆ ನೈಲಾನು ನೀರು ಕುಡಿಯುವ ಪದಾರ್ಥ. ಪೂರ್ತಿಯಾಗಿ ನೆನೆದರೆ ತನ್ನ ತೂಕದ ನೂರಕ್ಕೆ ಎಂಟರಷ್ಟು ನೀರನ್ನು ಹೀರಿ ಉಬ್ಬುತ್ತದೆ. 19 ಮಿಲಿಮೀಟರಿನ ರೋಲರ್ ನೂರಕ್ಕೆ ಎರಡರಷ್ಟು ಉಬ್ಬಿದರೂ ವ್ಯಾಸದಲ್ಲಿ 0.4 ಮಿಲಿಮೀಟರ್ ಹೆಚ್ಚಾಯಿತು. ದಪ್ಪದಲ್ಲಿಯೂ ಬೆಳೆದು ರಿವೆಟ್ಟಿನ ತಲೆಗೂ ಚಾನೆಲ್ಲಿಗೂ ನಡುವೆ ಸಿಕ್ಕಿಕೊಂಡಿತು. ಬೇಸಗೆಯಲ್ಲಿ ಸರಾಗವಾಗಿದ್ದ ಖಾನೆ ಮಳೆಗಾಲದಲ್ಲಿ ಹಟ ಹಿಡಿಯುವುದು ಈ ಕಾರಣದಿಂದ. ಡೆಲ್ರಿನ್ ಎಂಬ ಹೆಸರಿನಿಂದ ಅಂಗಡಿಗಳಲ್ಲಿ ಸಿಕ್ಕುವ ಅಸಿಟಾಲ್ ಪ್ಲಾಸ್ಟಿಕ್ ನೆನೆದಾಗಲೂ ನೂರಕ್ಕೆ ಒಂದರಷ್ಟು ನೀರನ್ನೂ ಹೀರದು; ಬೆಲೆ ಹೆಚ್ಚಾದರೂ ಕರಾವಳಿಯ ಊರಿಗೆ ಅದೇ ತಕ್ಕುದು. ಪಾಲಿಮರುಗಳ ಈ ಗುಣಭೇದವನ್ನು ಜೀವನೋಪಾಯವಾಗಿ ಅಭ್ಯಸಿಸಿದವರೊಬ್ಬರು ಕನ್ನಡದ ದೊಡ್ಡ ಕಾದಂಬರಿಕಾರರೂ ಆಗಿದ್ದರೆಂಬುದು ಇಲ್ಲಿ ನೆನಪಿಗೆ ಬರುವ ಸಂಗತಿ: ಹನೇಹಳ್ಳಿಯಿಂದ ಬಂದು ಈ ನಗರದಲ್ಲಿಯೇ ನೆಲೆಸಿದ ಯಶವಂತ ಚಿತ್ತಾಲರು ಹಗಲೆಲ್ಲ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ದುಡಿದವರು.

ಇನ್ನು ದುರಸ್ತಿಯ ವಿಚಾರ. ನನ್ನ ಪರಿಚಯದ ವೃದ್ಧ ಫಿಟ್ಟರೊಬ್ಬರು, ಕುಂದಾಪುರದ ಕಡೆಯವರು, ಬಾಲ್ಯದಲ್ಲಿ ಮುಂಬಯಿಯ ಕೋಟೆ ಪ್ರದೇಶದ ಕ್ಯಾಂಟೀನೊಂದರಲ್ಲಿ ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ರೈಲ್ವೆ ಕಾರ್ಖಾನೆ ಸೇರಿ ನಿವೃತ್ತರಾದವರು, ಇಂಥ ಪೆಟ್ಟಿಗೆಗಳಿಗೆ ಒಂದು ವಿಧದ ವೈದ್ಯರೆಂದೇ ಹೇಳಬೇಕು. ಖಾನೆ ಬಾರದೆಂದು ದೂರು ಕೊಟ್ಟವರಿಗೆ ಅವರ ಮೊದಲ ಮಾತು, "ಖಾನೆಯನ್ನು ಯಾಕೆ ಬೈತೀರಿ ಮಾರಾಯ್ರೆ, ಮೊದಲು ಕೆಳಗೆ ನೆಲ ನೋಡಿ" ಎಂದು. ಅಡಿಯ ನಾಲ್ಕು ಚಕ್ರಗಳಲ್ಲಿ ಒಂದು ಮುರಿದಿದ್ದರೂ, ನೆಲದ ಶಹಾಬಾದಿ ಹಾಸು ಒಂದು ಮೂಲೆಯಲ್ಲಿ ಕುಸಿದಿದ್ದರೂ, ಭಾರವಾದ ಪೆಟ್ಟಿಗೆ ಕಣ್ಣಿಗೆ ಕಾಣದಷ್ಟು ಓರೆಯಾಗಿ ತಿರುಚಿಕೊಳ್ಳುತ್ತದೆ. ಆಗ ಎರಡು ಮಗ್ಗುಲಿನ ಚಾನೆಲ್ಲುಗಳು ಸಮಾಂತರವಾಗಿ ಉಳಿಯದೆ, ಹೊಸ ರೋಲರ್ ಹಾಕಿದರೂ ಖಾನೆ ಕಚ್ಚುತ್ತದೆ. ಪೆಟ್ಟಿಗೆಯ ಮುಂಭಾಗದ ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಟೇಪಿನಿಂದ ಅಳೆದು ಅವು ಸಮನಾಗಿವೆಯೇ ಎಂದು ನೋಡುವುದೇ ಅವರ ಪರೀಕ್ಷೆ. ಸಮನಿಲ್ಲದಿದ್ದರೆ ಚಕ್ರದ ಅಡಿಗೆ ತಗಡಿನ ಚೂರು ಕೊಟ್ಟು ಸಮಮಾಡಿದ ಮೇಲೆಯೇ ಮುಂದಿನ ಮಾತು. ಎಷ್ಟೋ ಖಾನೆಗಳು ಇಷ್ಟರಿಂದಲೇ ಗುಣವಾಗುತ್ತವೆ.

ಆಗದಿದ್ದರೆ ಬಿಚ್ಚಬೇಕು. ಖಾನೆಗಳನ್ನೆಲ್ಲ ಮೊದಲು ಬರಿದುಮಾಡಿ, ಒಂದೊಂದನ್ನೂ ತಡೆಯವರೆಗೆ ಎಳೆದು, ಮುಂತುದಿಯನ್ನು ಮೇಲಕ್ಕೆತ್ತಿದರೆ ಹಳೆಯ ಬಗೆಯ ಖಾನೆ ಹೊರಬರುತ್ತದೆ. ಕೆಲವದರಲ್ಲಿ ಎರಡೂ ಮಗ್ಗುಲಿನ ಸ್ಪ್ರಿಂಗ್ ಕೊಂಡಿಯನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ಪ್ರತಿ ಖಾನೆಯ ಬೆನ್ನಿಗೆ ಸೀಮೆಸುಣ್ಣದಿಂದ ಅಂಕಿ ಹಾಕುವುದನ್ನು ಮರೆಯಬಾರದು. ನೋಡಲು ಒಂದೇ ಅಳತೆಯವಾದರೂ ಅವು ಇಷ್ಟು ವರ್ಷಗಳಲ್ಲಿ ತಮ್ಮ ತಮ್ಮ ಸ್ಥಾನಕ್ಕೆ ಹೊಂದಿಕೊಂಡಿರುವುದರಿಂದ ಅದಲುಬದಲಾದರೆ ಹೊಸ ತೊಂದರೆ ಹುಟ್ಟುತ್ತದೆ. ತರುವಾಯ ಚಾನೆಲ್ಲುಗಳನ್ನೂ ರೋಲರುಗಳನ್ನೂ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ, ಹಳೆಯ ಗ್ರೀಸ್ ಪೂರ್ತಿಯಾಗಿ ಬಿಡುವವರೆಗೆ ತೊಳೆದು ಒರೆಸಬೇಕು. ತುಕ್ಕಿದ್ದ ಕಡೆ ನಯವಾದ ಪಾಲಿಶ್ ಪೇಪರು. ಬಾಗಿದ ಅಂಚಿದ್ದರೆ ಒಳಗೆ ಮರದ ತುಂಡು ಕೊಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ನೇರಮಾಡಬೇಕು. ಉಕ್ಕಿನ ಮೇಲೆ ನೇರವಾಗಿ ಹೊಡೆದರೆ ತಗಡು ಹಿಗ್ಗಿ ಅಲೆಯೇಳುತ್ತದೆ. ಇಷ್ಟಾದ ಬಳಿಕ ರೋಲರನ್ನು ಬೆರಳಿನಿಂದ ತಿರುಗಿಸಿ ನೋಡಿ, ಅದು ಗುಂಡಾಗಿಯೂ ಹಗುರಾಗಿಯೂ ತಿರುಗಿದರೆ ಅದನ್ನು ಕೀಳುವ ಗೋಜಿಗೆ ಹೋಗಬೇಕಾದುದಿಲ್ಲ.

ಕೀಳಲೇಬೇಕಾದಾಗ ರೋಲರನ್ನು ಹಿಡಿದಿರುವ ರಿವೆಟ್ಟಿನ ತಲೆಯ ನಡುವೆ ಸೆಂಟರ್ ಪಂಚಿನಿಂದ ಗುರುತು ಹೊಡೆದು, ಡ್ರಿಲ್ಲಿನಿಂದ ತಲೆಯನ್ನಷ್ಟೇ ಕೊರೆಯಬೇಕು. ತೂತು ದೊಡ್ಡದಾದರೆ ತೆಳು ತಗಡಿನಲ್ಲಿ ಹೊಸ ಬೋಲ್ಟಿಗೆ ಹಿಡಿತ ಸಿಕ್ಕುವುದಿಲ್ಲ. ತಲೆ ಉದುರಿದ ರಿವೆಟ್ಟನ್ನು ಪಂಚಿನಿಂದ ಮೆಲ್ಲಗೆ ಹೊಡೆದು ಹೊರದೂಡಿ, ಹಳೆಯ ರೋಲರನ್ನು ಎಷ್ಟೇ ಸವೆದಿದ್ದರೂ ಎಸೆಯದೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಅಳತೆಗೆ ಅದೇ ಆಧಾರ. ನಾಲ್ಕರಲ್ಲಿ ಯಾವುದು ಕಡಿಮೆ ಸವೆದಿದೆಯೋ, ಬಹುಶಃ ಹಿಂದಿನ ಜೋಡಿಯಲ್ಲಿ ಒಂದು, ಅದರ ವ್ಯಾಸ, ದಪ್ಪ, ನಡುವಿನ ತೂತು ಈ ಮೂರನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು.

ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ವಿದೇಶದಿಂದ ಬಂದ ಹಳೆಯ ಪೆಟ್ಟಿಗೆಗಳ ಅಳತೆ ಇಂಚಿನದು. ನಮ್ಮ ದೇಶ 1958ರ ಅಕ್ಟೋಬರಿನಿಂದ ಮೆಟ್ರಿಕ್ ಮಾನವನ್ನು ಬಳಕೆಗೆ ತಂದಿತಾದರೂ, ಮುಂಬಯಿಯ ಮಿಸ್ತ್ರಿಗಳು ಇಂದಿಗೂ ಇಂಚಿನ ಎಂಟನೆಯ ಒಂದು ಭಾಗವಾದ ಸೂತ್ ಲೆಕ್ಕವನ್ನು ಬಿಟ್ಟಿಲ್ಲ. ಮುಕ್ಕಾಲು ಇಂಚು ಎಂದರೆ ಅವರಿಗೆ ಆರು ಸೂತ್. ಅಂಗಡಿಯಲ್ಲಿ ಸಿಕ್ಕುವ ಬೇರಿಂಗುಗಳು ಮಾತ್ರ ಮಿಲಿಮೀಟರಿನವು. ಅದೃಷ್ಟವಶಾತ್ ಮುಕ್ಕಾಲು ಇಂಚೆಂದರೆ 19.05 ಮಿಲಿಮೀಟರ್, 626 ಎಂಬ ಅಂಕಿತದ ಸಾಮಾನ್ಯ ಬಾಲ್ ಬೇರಿಂಗಿನ ಹೊರವ್ಯಾಸ 19 ಮಿಲಿಮೀಟರ್, ದಪ್ಪ 6, ಒಳತೂತು 6. ಅರ್ಧ ಕೂದಲೆಳೆಯಷ್ಟು ವ್ಯತ್ಯಾಸ. ಖಾನೆಗೆ ಅದರ ಪರಿವೆಯೇ ಇರುವುದಿಲ್ಲ.

ಹಾಗಾದರೆ ರೋಲರಿನ ಸ್ಥಾನದಲ್ಲಿ 626 ಬೇರಿಂಗನ್ನೇ ಕೂರಿಸಿದರೆ ತೀರಿತಲ್ಲ ಎನ್ನಬಹುದು; ಅನೇಕರು ಮಾಡುವುದೂ ಅದನ್ನೇ. ಖಾನೆ ಬೆರಳು ತಾಗಿದರೆ ಓಡುವಷ್ಟು ಹಗುರಾಗುತ್ತದೆ, ಸಂದೇಹವಿಲ್ಲ. ನನಗೆ ಮಾತ್ರ ಈ ವಿಧಾನ ಸಮ್ಮತವಿಲ್ಲ. ಬೇರಿಂಗಿನ ಹೊರಬಳೆ ಚಾನೆಲ್ಲಿನ ತಗಡಿಗಿಂತ ಬಹಳ ಕಠಿಣವಾದ ಉಕ್ಕು. ಹತ್ತೊಂಬತ್ತು ಕಿಲೋ ಭಾರ ಒಂದು ಸಣ್ಣ ಗೆರೆಯ ಮೇಲೆ ಬಿದ್ದು ವರ್ಷಗಟ್ಟಲೆ ಉರುಳಿದರೆ ತಗಡಿನಲ್ಲಿ ಕುಳಿ ಬೀಳುತ್ತದೆ, ಗಡಗಡ ಸದ್ದು ಬೇರೆ. ಸವೆಯಬೇಕಾದುದು ಅಗ್ಗದ ರೋಲರೇ ಹೊರತು ಬದಲಿಸಲಾಗದ ಚಾನೆಲ್ ಅಲ್ಲ ಎಂಬುದು ಮೂಲ ಶಿಲ್ಪಿಯ ವಿವೇಕ, ಅದನ್ನು ಕೆಡಿಸಬಾರದು. ಬೇರಿಂಗೇ ಬೇಕೆನ್ನುವವರು 16 ಮಿಲಿಮೀಟರ್ ವ್ಯಾಸದ 625ನ್ನು ತೆಗೆದುಕೊಂಡು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಡೆಲ್ರಿನ್ ಬಳೆಯನ್ನು ಬಿಗಿಯಾಗಿ ಏರಿಸಿ 19 ಮಾಡಿಕೊಳ್ಳಲಿ. ಎರಡರ ಗುಣವೂ ಸಿಕ್ಕುತ್ತದೆ. ಬೇರಿಂಗು ಕೇಳುವಾಗ ತಗಡಿನ ಮುಚ್ಚಳದ್ದಕ್ಕಿಂತ ರಬ್ಬರ್ ಸೀಲಿನದನ್ನು ಕೇಳುವುದು ಈ ಊರಿನ ತೇವಕ್ಕೆ ಒಳ್ಳೆಯದು.

ಸಾಮಾನು ತರಲು ಹೋಗಬೇಕಾದುದು ಮಸ್ಜಿದ್ ನಿಲ್ದಾಣದಿಂದ ಪಶ್ಚಿಮಕ್ಕೆ, ಕ್ರಾಫರ್ಡ್ ಮಾರ್ಕೆಟ್ಟಿಗೂ ಪಾಯಧುನಿಗೂ ನಡುವೆ ಹೆಣೆದುಕೊಂಡಿರುವ ಓಣಿಗಳಿಗೆ. ನಾಗದೇವಿ ಸ್ಟ್ರೀಟಿನಲ್ಲಿ ಹತ್ಯಾರು ಮತ್ತು ಬೇರಿಂಗು, ನಾರಾಯಣ ಧುರು ಸ್ಟ್ರೀಟಿನಲ್ಲಿ ಬೋಲ್ಟು, ನಟ್ಟು, ವಾಷರು. ಆರು ಅಡಿ ಅಗಲದ ಅಂಗಡಿಯಲ್ಲಿ ನೆಲದಿಂದ ಅಟ್ಟದವರೆಗೆ ಪೊಟ್ಟಣಗಳು, ಹೊರಗೆ ಕೈಗಾಡಿಯವರ ಕೂಗು. ಪೆಟ್ಟಿಗೆಯ ಹೆಸರನ್ನೂ ಅದು ಹುಟ್ಟಿದ ದೇಶವನ್ನೂ ಹೇಳಿದರೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ. ಹಳೆಯ ರೋಲರನ್ನು ಗಲ್ಲೆಯ ಮೇಲೆ ಇಟ್ಟರೆ ಅಂಗಡಿಯವನು ಅದನ್ನು ಹೆಬ್ಬೆರಳಿನಿಂದ ಒಮ್ಮೆ ಉರುಳಿಸಿ, ತಿರುಗಿ ನೋಡದೆಯೇ ಹಿಂದಿನ ಪೊಟ್ಟಣಕ್ಕೆ ಕೈ ಹಾಕುತ್ತಾನೆ. ಅಲ್ಯೂಮಿನಿಯಮ್ ಕಿಟಕಿಗಳು ಸರಿಯಲು ಹಾಕುವ ಸಣ್ಣ ನೈಲಾನ್ ಚಕ್ರಗಳಲ್ಲಿ ಕೆಲವೊಮ್ಮೆ ನಮ್ಮ ಅಳತೆಯದೇ ಸಿಕ್ಕಿ ಕೆಲಸ ಸುಲಭವಾಗುವುದೂ ಉಂಟು.

ಸಿಕ್ಕದಿದ್ದರೆ ಲೇತಿನವನೇ ಗತಿ. ಕುರ್ಲಾ, ಸಾಕಿನಾಕಾ, ಭಾಂಡುಪಿನ ಗಾಳೆಗಳಲ್ಲಿ ಒಂದೇ ಲೇತು ಇಟ್ಟುಕೊಂಡು ಜೀವಿಸುವವರು ಇನ್ನೂ ಇದ್ದಾರೆ. "ಕಿತ್ನಾ ಪೀಸ್?" ಎಂಬುದೇ ಅವರ ಪ್ರಶ್ನೆ, ನಾಲ್ಕು ಎಂದರೆ ಮುಖ ಸಪ್ಪಗಾಗುತ್ತದೆ, ಇಪ್ಪತ್ತನಾಲ್ಕು ಎಂದರೆ ಸ್ಟೂಲು ಮುಂದೆ ಬರುತ್ತದೆ. ಆದುದರಿಂದ ಎಲ್ಲ ಖಾನೆಗಳಿಗೂ ಒಮ್ಮೆಗೇ ಮಾಡಿಸುವುದು ಲಾಭಕರ. ಡೆಲ್ರಿನ್ ದಂಡವನ್ನು ಲೇತಿನ ಚಕ್ಕಿಗೆ ಕೊಟ್ಟು ವೇಗವಾಗಿ ತಿರುಗಿಸಿ, ಹರಿತವಾದ ಉಳಿಯನ್ನು ಹಗುರಾಗಿ ತಾಗಿಸಿದಾಗ ಬಿಳಿಯ ಲಾಡಿ ಕಡಿಯದೆ ಮಾರುದ್ದ ಹೊರಬಂದು ಚಕ್ಕಿಗೆ ಸುತ್ತಿಕೊಳ್ಳುತ್ತದೆ. ಕಸುಬುದಾರನು ಕಬ್ಬಿಣದ ಕೊಕ್ಕೆಯಿಂದ ಅದನ್ನು ಎಳೆದು ಬಿಸಾಡುತ್ತ, ಕಣ್ಣಳತೆಯಲ್ಲಿಯೇ ವ್ಯಾಸವನ್ನು ಇಳಿಸುತ್ತ ಹೋಗುತ್ತಾನೆ. ಬಿಸಿಯಾದ ಪ್ಲಾಸ್ಟಿಕ್ ಹಿಗ್ಗಿರುವುದರಿಂದ ತಣಿದ ಮೇಲೆ ಮತ್ತೊಮ್ಮೆ ಅಳೆದು ನೋಡಬೇಕೆಂದು ವಿನಯದಿಂದ ಕೇಳಿಕೊಳ್ಳುವುದು ಗಿರಾಕಿಯ ಕರ್ತವ್ಯ. ಒಳತೂತು ಅಚ್ಚಿಗಿಂತ 0.2 ಮಿಲಿಮೀಟರ್ ದೊಡ್ಡದಾಗಿದ್ದರೆ ಸಾಕು.

ಜೋಡಣೆಯಲ್ಲಿ ಬಹುಮಂದಿ ಎಡವುವ ಸ್ಥಳ ಒಂದೇ. ಬೋಲ್ಟನ್ನು ರೋಲರಿನ ಮೂಲಕ ತೂರಿಸಿ ನಟ್ಟು ಬಿಗಿದರೆ ರೋಲರೂ ಬಿಗಿದು ನಿಲ್ಲುತ್ತದೆ. ತಿರುಗಲೆಂದು ನಟ್ಟನ್ನು ಸಡಿಲಿಸಿದರೆ ಕೆಲವು ದಿನಗಳಲ್ಲಿ ಅದು ಕಳಚಿ ಕೆಳಗಿನ ಖಾನೆಯೊಳಗೆ ಬೀಳುತ್ತದೆ. ಇದಕ್ಕೆ ಉಪಾಯವೆಂದರೆ ಬೋಲ್ಟಿನ ಮೇಲೆ ಒಂದು ಉಕ್ಕಿನ ಕೊಳವೆಯ ತುಂಡನ್ನು ಏರಿಸಿ, ಆ ಕೊಳವೆಯ ಮೇಲೆ ರೋಲರನ್ನು ಕೂರಿಸುವುದು. ಕೊಳವೆಯ ಉದ್ದ ರೋಲರಿನ ದಪ್ಪಕ್ಕಿಂತ 0.2 ಮಿಲಿಮೀಟರಿನಷ್ಟು ಹೆಚ್ಚಾಗಿರಬೇಕು. ಆಗ ನಟ್ಟಿನ ಬಿಗಿತವೆಲ್ಲ ಕೊಳವೆಯ ಮೇಲೆ ಬಿದ್ದು, ರೋಲರ್ ತನ್ನಷ್ಟಕ್ಕೆ ಸ್ವತಂತ್ರವಾಗಿ ತಿರುಗುತ್ತದೆ. ಅಳತೆಗೆ ತಕ್ಕ ಕೊಳವೆ ಸಿಕ್ಕದಿದ್ದರೆ ಸ್ವಲ್ಪ ಉದ್ದವಾದುದನ್ನು ಕತ್ತರಿಸಿ, ಅರದಿಂದ ತುಸುತುಸುವೇ ಉಜ್ಜಿ ಹೊಂದಿಸಬಹುದು, ಸಹನೆ ಬೇಕಷ್ಟೆ. ನಟ್ಟು ಮಾತ್ರ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟೇ ಆಗಿರಲಿ. ಬೋಲ್ಟಿನ ತಲೆ ತೆಳ್ಳಗಿರುವುದೂ ಮುಖ್ಯ. ದಪ್ಪ ತಲೆ ಖಾನೆಯ ಮಗ್ಗುಲನ್ನು ಗೀರುತ್ತದೆ. ಎಡದ ರೋಲರ್ ಮಾತ್ರ ಕೆಟ್ಟಿದ್ದರೂ ಬಲದ್ದನ್ನೂ ಜೊತೆಯಲ್ಲಿಯೇ ಬದಲಿಸಬೇಕು, ಇಲ್ಲವಾದರೆ ಖಾನೆ ಒಂದು ಮಗ್ಗುಲು ಎತ್ತರವಾಗಿ ಓರೆಯಾಗಿ ನಡೆಯುತ್ತದೆ.

ಈ ತಾಪತ್ರಯವೆಲ್ಲ ಏಕೆ, ಹಳೆಯ ಚಾನೆಲ್ಲನ್ನೇ ಕಿತ್ತು ಬಡಗಿಗಳು ಅಡುಗೆಮನೆಯ ಕಪಾಟುಗಳಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ ಹಾಕಿಬಿಡಿ ಎಂದು ಸಲಹೆ ಮಾಡುವವರು ಪ್ರತಿ ಓಣಿಯಲ್ಲಿಯೂ ಸಿಕ್ಕುತ್ತಾರೆ. ಆ ಚಾನೆಲ್ಲಿಗೆ ಒಂದೊಂದು ಮಗ್ಗುಲಿಗೂ ಅರ್ಧ ಇಂಚು, ಎಂದರೆ 12.7 ಮಿಲಿಮೀಟರ್ ಜಾಗ ಬೇಕು. ಹಳೆಯ ಪೆಟ್ಟಿಗೆಯಲ್ಲಿ ಖಾನೆಗೂ ಗೋಡೆಗೂ ನಡುವಿನ ಜಾಗ ಅದಕ್ಕಿಂತ ಕಡಿಮೆಯಾದರೆ ಖಾನೆಯನ್ನೇ ಕತ್ತರಿಸಿ ಕಿರಿದು ಮಾಡಬೇಕು. ಹೆಚ್ಚಾದರೆ ಪಟ್ಟಿಗಳನ್ನು ತುಂಬಬೇಕು. ಅದರ ಎತ್ತರವೂ ಸಾಮಾನ್ಯವಾಗಿ 45 ಮಿಲಿಮೀಟರ್. ಟ್ರಾಲಿಯ ಮೇಲಿನ ಖಾನೆಗಳ ಆಳವೇ ಕೆಲವೊಮ್ಮೆ ಅಷ್ಟಿರುವುದಿಲ್ಲ. ತಗಡು ತುಕ್ಕಿನಿಂದ ತೂತಾಗಿ, ರೋಲರಿಗೆ ನಿಲ್ಲಲು ನೆಲೆಯೇ ಇಲ್ಲದಂತಾದ ಚಾನೆಲ್ಲಿಗೆ ಬೇರೆ ದಾರಿಯಿಲ್ಲ. ಉಳಿದ ಸಂದರ್ಭಗಳಲ್ಲಿ ಇದು ಬೆಲೆಬಾಳುವ ವಸ್ತುವಿನ ಅಂಗಚ್ಛೇದವೆಂದೇ ನನ್ನ ಅಭಿಪ್ರಾಯ.

ದುರಸ್ತಿಯ ನಂತರ ಚಾನೆಲ್ಲಿಗೆ ಗ್ರೀಸ್ ಬಳಿಯುವ ಪ್ರಲೋಭನವನ್ನು ತಡೆದುಕೊಳ್ಳಬೇಕು. ಅಚ್ಚಿಗೆ ಒಂದೇ ಹನಿ ಹೊಲಿಗೆಯಂತ್ರದ ಎಣ್ಣೆ. ರೋಲರ್ ಉರುಳುವ ದಾರಿ ಒಣಗಿದ್ದಷ್ಟೂ ಮೇಲು, ಬೇಕೆಂದರೆ ಮೇಣದ ಬತ್ತಿಯನ್ನು ತೆಳುವಾಗಿ ಉಜ್ಜಬಹುದು. ಖಾನೆಯ ತಳಕ್ಕೆ ಹಾಸಿದ ಹಳೆಯ ಉಣ್ಣೆಬಟ್ಟೆ ತೇವವನ್ನು ಹಿಡಿದಿಡುವುದರಿಂದ ಅದನ್ನು ತೆಗೆದು ರಬ್ಬರ್ ಹಾಳೆ ಹಾಕಿದರೆ ತುಕ್ಕು ಕಡಿಮೆ. ಹಳಬರು ಖಾನೆಯ ಮೂಲೆಯಲ್ಲಿ ಒಂದು ಬಿಲ್ಲೆ ಕರ್ಪೂರ ಇಡುತ್ತಿದ್ದರು; ಅದರ ಆವಿ ಉಕ್ಕಿನ ಮೇಲೆ ತೆಳುವಾದ ಪೊರೆ ಕಟ್ಟುತ್ತದೆಂದು ಅವರ ನಂಬಿಕೆ.

ಖಾನೆಗಳನ್ನು ಅಂಕಿಯ ಪ್ರಕಾರ ಮರಳಿ ಕೂರಿಸಿ, ಬರಿದಾಗಿ ಎಳೆದು ನೋಡಿ ತೃಪ್ತರಾಗದೆ, ತುಂಬಿದ ಮೇಲೆ ಪೂರ್ತಿಯಾಗಿ ಎಳೆದು ಎರಡೂ ಮಗ್ಗುಲಿನ ಸಂದು ಸಮನಾಗಿದೆಯೇ ಎಂದು ಪರೀಕ್ಷಿಸಬೇಕು. ತಿಂಗಳೊಂದು ಕಳೆದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಬೇಕು. ಹಗುರಾಗಿ ಓಡುವ ಖಾನೆಗಳಿಂದ ಒಂದು ಹೊಸ ಅಪಾಯವೂ ಹುಟ್ಟುತ್ತದೆ: ಟ್ರಾಲಿಯನ್ನು ದೂಡಿಕೊಂಡು ಹೋಗುವಾಗ ಅವು ತಾವಾಗಿಯೇ ಹೊರಬರುತ್ತವೆ, ಮೇಲಿನ ಎರಡು ಮೂರು ಖಾನೆಗಳು ಒಮ್ಮೆಗೆ ತೆರೆದುಕೊಂಡರೆ ಇಡೀ ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ. ಆದಕಾರಣ ಭಾರವಾದುದೆಲ್ಲ ಕೆಳಖಾನೆಗೆ, ಎರಡು ಖಾನೆಗಳನ್ನು ಒಟ್ಟಿಗೆ ಎಳೆಯುವುದು ನಿಷಿದ್ಧ, ಮತ್ತು ಟ್ರಾಲಿಯನ್ನು ಕದಲಿಸುವ ಮೊದಲು ಬೀಗ. ಬೀಗದ ಕೈ ಕಳೆದುಹೋಗಿದ್ದರೆ, ಹಳೆಯ ಪೆಟ್ಟಿಗೆಗಳಲ್ಲಿ ಅದು ಪ್ರಾಯಶಃ ಕಳೆದುಹೋಗಿಯೇ ಇರುತ್ತದೆ, ಹೊಸದನ್ನು ಮಾಡಿಕೊಡುವವರು ರೈಲು ನಿಲ್ದಾಣಗಳ ಹೊರಗೆ ಕೀಗೊಂಚಲು ತೂಗುಹಾಕಿಕೊಂಡು ಕುಳಿತಿರುತ್ತಾರೆ.